ಎರಡು ದಾರಿಯ ಲೆಕ್ಕ

ಕಳೆದ ಜೂನ್ ತಿಂಗಳ ಒಂದು ಮಧ್ಯಾಹ್ನ ನಾನು ಸರಕಾರೀ ಕಚೇರಿಯೊಂದರ ಕಿಟಕಿಯ ಮುಂದೆ ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಔರಾದ ಕಡೆಯ ಒಂದು ತಾಂಡಾದ ಗೃಹಸ್ಥರು. ಅವರ ಮಗಳು ನನ್ನ ವಿದ್ಯಾರ್ಥಿನಿ. ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿ, ಬೀದರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಮುಂದೆ ಓದಬೇಕೆಂದು ಹೊರಟವಳು. ಹಾಸ್ಟೆಲಿನ ಅರ್ಜಿಗೆ ಆದಾಯದ ಪ್ರಮಾಣಪತ್ರ ಬೇಕು. ಅರ್ಜಿ ಸಲ್ಲಿಸಲು ಅದೇ ಕಡೆಯ ದಿನ. ಕಿಟಕಿಯ ಆಚೆಗಿದ್ದ ತರುಣ ಪಾಪ, ಗುಂಡಿ ಒತ್ತಿ ಒತ್ತಿ ಸಾಕಾಗಿ, "ಸರ್ವರ್ ನಡೀವಲ್ದರಿ ಸರ್. ಅಲ್ಲಿ ಲೈನ್ ಎರಡೆರಡು ಅವ ಅಂತಾರ, ಆದ್ರೂ ಹಿಂಗ" ಎಂದನು. ಗೃಹಸ್ಥರು ನನ್ನ ಕಡೆಗೆ ತಿರುಗಿ, "ಮಾಸ್ತರ್ರೆ, ಎರಡು ದಿನದ ಕೂಲಿ ಹೋಯ್ತು" ಎಂದಷ್ಟೇ ಹೇಳಿ ಸುಮ್ಮನಾದರು.

ದಾರಿ ಎರಡಿದ್ದೂ ಗಾಡಿ ನಿಲ್ಲುವುದೆಂದರೇನು? ಹಳಗನ್ನಡದ ಪದ್ಯಗಳಿಗೆ ಅನ್ವಯ ಹೇಳುವುದರಲ್ಲಿಯೇ ಮೂವತ್ತು ವರ್ಷ ಕಳೆದ ನನಗೆ ಈ ಪ್ರಶ್ನೆ ಮುಳ್ಳಿನಂತೆ ಚುಚ್ಚುತ್ತಿದ್ದಿತು. ದೀಪಾವಳಿಯ ರಜೆಯಲ್ಲಿ ಅದಕ್ಕೆ ಉತ್ತರ ಹೇಳುವವನೇ ಮನೆಗೆ ಬಂದನು. ನಾನು ಭಾಲ್ಕಿಯಲ್ಲಿ ಪಾಠ ಹೇಳುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಈಗ ಬೆಂಗಳೂರಿನಲ್ಲಿ ಒಂದು ದೊಡ್ಡ ಮಾಹಿತಿ ಉಗ್ರಾಣದ ಕಾವಲಿನ ಕೆಲಸ. "ನಿಮ್ಮ ಆ ದಿನದ ಕಚೇರಿ ಮಾತು ಬಿಡ್ರಿ ಸರ್, ಅದು ಊರಿನ ತಂತಿ ಆಗಿರಬಹುದು, ಮತ್ತೇನೋ ಆಗಿರಬಹುದು. ಉಗ್ರಾಣದಾಗ ನಾನು ಕಣ್ಣಾರೆ ಕಂಡದ್ದು ಹೇಳ್ತೀನಿ" ಎಂದು ಆರಂಭಿಸಿದನು. ಅವನಿಂದ ಎರಡು ಸಂಜೆ ಕುಳಿತು ಕಲಿತುದನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ. ಶಿಷ್ಯನಿಂದ ಪಾಠ ಹೇಳಿಸಿಕೊಳ್ಳುವ ಸುಖ ಉಪಾಧ್ಯಾಯರಾದವರಿಗೇ ಗೊತ್ತು.

ಮೊದಲು ಉಗ್ರಾಣವೆಂದರೇನೆಂಬುದನ್ನು ನೋಡೋಣ. ನಮ್ಮ ಹಿರಿಯರ ಕಾಲದಲ್ಲಿ ಹೊಲದ ಕಾಗದಗಳೆಲ್ಲ ಪಟವಾರಿಯ ಮನೆಯ ಬಸ್ತಾದಲ್ಲಿರುತ್ತಿದ್ದವು. ಬಸ್ತಾ ಗೆದ್ದಲು ತಿಂದರೆ ಹೊಲದ ಗಡಿಯೇ ತಿಂದು ಹೋದಂತೆ. ಕರ್ನಾಟಕದಲ್ಲಿ 'ಭೂಮಿ' ಯೋಜನೆಯು ೨೦೦೧ರ ಸುಮಾರಿಗೆ ಸುಮಾರು ೬೭ ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ತಾಲ್ಲೂಕು ತಾಲ್ಲೂಕಿಗೆ ಒಂದೊಂದು ಯಂತ್ರ: ಔರಾದಿನ ಪಹಣಿ ಔರಾದಿನಲ್ಲಿ, ಭಾಲ್ಕಿಯದು ಭಾಲ್ಕಿಯಲ್ಲಿ. ಮುಂದೆ ಈ ಹಂಚಿಹೋಗಿದ್ದುದನ್ನೆಲ್ಲ ರಾಜಧಾನಿಯಲ್ಲಿ ಒಟ್ಟುಗೂಡಿಸಿದರು. ಒಂದು ಮನೆಯ ಹಗೇವಿನಲ್ಲಿದ್ದ ಜೋಳವನ್ನು ಊರಿಗೆಲ್ಲ ಒಂದೇ ಕಣಜಕ್ಕೆ ತುಂಬಿದಂತೆ.

ಅಷ್ಟು ದೊಡ್ಡ ರಾಶಿಯನ್ನು ಒಂದೇ ಯಂತ್ರದಲ್ಲಿ ಇಡುವುದು ಅಪಾಯ. ಬೀದರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಮೂರು ಸಾವಿರದಷ್ಟು ಹಸ್ತಪ್ರತಿಗಳ ಭಂಡಾರವಿದ್ದಿತೆಂದು ಚರಿತ್ರೆಕಾರರು ಹೇಳುತ್ತಾರೆ. ಅದೇ ಕಟ್ಟಡದಲ್ಲಿ ಮೊಗಲರ ಕಾಲಕ್ಕೆ ಮದ್ದು ತುಂಬಿಟ್ಟಿದ್ದು, ೧೬೯೬ರಲ್ಲಿ ಅದು ಸಿಡಿದು ಅರ್ಧ ಮುಂಭಾಗವೂ ಒಂದು ಮಿನಾರೂ ಹಾರಿಹೋದುವು. ಉಳಿದಿರುವ ಒಂಟಿ ಮಿನಾರನ್ನು ನಾವು ದಿನವೂ ನೋಡುತ್ತೇವೆ. ಆದುದರಿಂದ ಇಂದಿನ ಉಗ್ರಾಣಗಳಲ್ಲಿ ಹತ್ತಾರು ಯಂತ್ರಗಳನ್ನು ಒಂದು ಕುಟುಂಬದಂತೆ ಕೂಡಿಸಿ, ಒಂದೊಂದು ಬರಹಕ್ಕೂ ಸಾಮಾನ್ಯವಾಗಿ ಮೂರು ಪ್ರತಿಗಳನ್ನು ಮಾಡಿ ಮೂರು ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತಾರೆ. ಗೂಗಲ್ ಸಂಸ್ಥೆಯವರು ೨೦೦೩ರಲ್ಲಿ ತಮ್ಮ ಕಡತ ವ್ಯವಸ್ಥೆಯನ್ನು ಲೋಕಕ್ಕೆ ತಿಳಿಸಿದಾಗ ಅಲ್ಲಿಯೂ ಮೂರೇ ಪ್ರತಿ.

ಮೂರು ಪ್ರತಿಯೆಂದೊಡನೆ ದಾರಿಯ ಪ್ರಶ್ನೆ ಬಂದಿತು. ಗಾಂಧಿ ಗಂಜಿನ ಒಂದು ಅಡತಿ ಅಂಗಡಿಗೆ ತೊಗರಿಯ ಒಂದು ಚೀಲ ಬಂದಿತೆನ್ನಿ. ಅದನ್ನು ಇಳಿಸಿಕೊಂಡ ಸಾಹುಕಾರರು ಅಷ್ಟೇ ತೊಗರಿಯ ಇನ್ನೂ ಎರಡು ಚೀಲಗಳನ್ನು ಬೇರೆ ಎರಡು ಗೋದಾಮುಗಳಿಗೆ ಹಮಾಲರ ಕೈಲಿ ಕಳುಹಿಸಿ, ಅಲ್ಲಿಂದ "ಮುಟ್ಟಿತು" ಎಂಬ ಚೀಟಿ ಬಂದ ಮೇಲೆಯೇ ರೈತನಿಗೆ ರಸೀದಿ ಕೊಡುವರೆಂದು ಭಾವಿಸಿರಿ. ಹೊರಗಿನಿಂದ ಬಂದದ್ದು ಒಂದು. ಒಳಗಿನ ಓಣಿಯಲ್ಲಿ ಓಡಾಡಿದ್ದು ಎರಡು. ಜನರು ಉಗ್ರಾಣದ ಹೆಬ್ಬಾಗಿಲ ಸಂದಣಿಯನ್ನು ನೋಡುತ್ತಾರೆ. ನಿಜವಾದ ಸಂದಣಿ ಹಿತ್ತಿಲ ಓಣಿಯಲ್ಲಿ. ಒಂದು ಯಂತ್ರ ಕೆಟ್ಟಿತೆಂದರಂತೂ, ಅದರಲ್ಲಿದ್ದ ಪ್ರತಿಗಳನ್ನೆಲ್ಲ ಉಳಿದವರು ತಮ್ಮ ತಮ್ಮಲ್ಲಿಯ ಪ್ರತಿಗಳನ್ನು ನೋಡಿ ಹೊಸದಾಗಿ ಬರೆದು ಹಂಚಿಕೊಳ್ಳಬೇಕು. ಆಗ ಓಣಿಯಲ್ಲಿ ಜಾತ್ರೆ.

ಈ ಓಣಿಗಾಗಿಯೇ ಪ್ರತಿಯೊಂದು ಯಂತ್ರಕ್ಕೂ ಒಂದರ ಬದಲು ಎರಡು ತಂತಿಗಳನ್ನು ಜೋಡಿಸುತ್ತಾರೆ. ತಂತಿಯೆಂದೆನಾದರೂ ಅದು ಅನೇಕ ಕಡೆ ಕೂದಲೆಳೆಯಂಥ ಗಾಜು. ತಂತಿಗಳೆಲ್ಲ ಬಂದು ಸೇರುವುದು 'ಸ್ವಿಚ್ಚು' ಎಂಬ ಪೆಟ್ಟಿಗೆಗೆ. ದೀಪದ ಸ್ವಿಚ್ಚಲ್ಲ, ಚೌಕಿನಲ್ಲಿ ನಿಂತು ಗಾಡಿಗಳಿಗೆ ಕೈ ತೋರುವ ಪೊಲೀಸಿನವನಂಥದು. ತಂತಿ ಎರಡಾದ ಕೂಡಲೇ, ಯಾವ ಸರಕು ಯಾವ ತಂತಿಯಲ್ಲಿ ಹೋಗಬೇಕೆಂಬ ನ್ಯಾಯ ಬೇಕಾಗುತ್ತದೆ.

ಸರಳವಾದ ನ್ಯಾಯವೆಂದರೆ ಒಂದರಲ್ಲಿ ಓಡಾಡುವುದು, ಇನ್ನೊಂದನ್ನು ಕಷ್ಟಕಾಲಕ್ಕೆ ಕಾದಿಡುವುದು. ಇದರಲ್ಲಿ ಗೊಂದಲವಿಲ್ಲ, ಆದರೆ ಕೊಂಡ ತಂತಿ ಸುಮ್ಮನೆ ಬಿದ್ದಿದೆಯಲ್ಲಾ ಎಂದು ಲೆಕ್ಕ ತಪಾಸಣೆಯವರಿಗೆ ಸಂಕಟ. ಹಾಗಾದರೆ ಒಂದು ಇದಕ್ಕೆ ಒಂದು ಅದಕ್ಕೆ ಎಂದು ಸರದಿಯಂತೆ ಹಂಚಿಬಿಡಬಾರದೇ? ನಾನೂ ಇದನ್ನೇ ಕೇಳಿದೆ. ಅದಕ್ಕೆ ಅವನು ನನ್ನ ಆಯುಧದಿಂದಲೇ ನನ್ನನ್ನು ಹೊಡೆದನು: "ಸರ್, ನೀವು ಭಾಮಿನಿ ಷಟ್ಪದಿ ಕಲಿಸಿದ್ರಿ. ಆರು ಸಾಲು, ಮೂರನೇದು ಆರನೇದು ಉದ್ದ. ಒಂದೊಂದು ಸಾಲು ಒಂದೊಂದು ಹುಡುಗನ ಕೈಲಿ ಕೊಟ್ಟು ಎರಡು ಓಣಿಲೆ ಓಡಿಸಿದ್ರ ಏನಾಗ್ತದ್ರಿ?" ಏನಾಗುತ್ತದೆ! ಹದಿನಾಲ್ಕು ಮಾತ್ರೆಯ ನಾಲ್ಕನೆಯ ಸಾಲು ಇಪ್ಪತ್ತಮೂರು ಮಾತ್ರೆಯ ಮೂರನೆಯ ಸಾಲಿಗಿಂತ ಮೊದಲು ಬಂದು ನಿಲ್ಲುತ್ತದೆ. ಕೇಳುವವನು ಮೂರನೆಯ ಸಾಲು ಕಳೆದೇ ಹೋಯಿತೆಂದು ತಿಳಿದು ಮತ್ತೆ ಮತ್ತೆ ಕೇಳಿ ಕಳುಹಿಸುತ್ತಾನೆ.

ಯಂತ್ರಗಳಲ್ಲಿಯೂ ಹೀಗೆಯೇ. ಬರಹವನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಒಡೆದು ಕಳುಹಿಸುತ್ತಾರೆ. ಕಟ್ಟುಗಳು ಅನುಕ್ರಮ ತಪ್ಪಿ ಬಂದರೆ, ಕೊಳ್ಳುವ ಯಂತ್ರವು "ನನಗೆ ಬೇಕಾದದ್ದು ಇನ್ನೂ ಬಂದಿಲ್ಲ" ಎಂಬ ಒಂದೇ ಮಾತನ್ನು ತಿರುಗಿ ತಿರುಗಿ ಹೇಳುತ್ತದೆ. ಮೂರು ಸಾರಿ ಹಾಗೆ ಹೇಳಿತೆಂದರೆ, ಕಳುಹಿಸುವ ಯಂತ್ರ ದಾರಿಯಲ್ಲಿ ನಷ್ಟವಾಗಿದೆಯೆಂದು ಬಗೆದು ಅದನ್ನೇ ಇನ್ನೊಮ್ಮೆ ಕಳುಹಿಸುವುದಲ್ಲದೆ, ಹೆದರಿ ತನ್ನ ವೇಗವನ್ನೂ ತಗ್ಗಿಸುತ್ತದೆ. ನಷ್ಟವೇ ಆಗಿಲ್ಲ, ಆದರೂ ವ್ಯಾಪಾರ ಅರ್ಧಕ್ಕೆ ಇಳಿಯಿತು.

ಆದುದರಿಂದ ರೂಢಿಗೆ ಬಂದದ್ದು ಇನ್ನೊಂದು ನ್ಯಾಯ. ಒಂದು ಮಾತುಕತೆ, ಎಂದರೆ ಇಂಥ ಯಂತ್ರ ಇಂಥ ಯಂತ್ರದೊಡನೆ ನಡೆಸುವ ಒಂದು ವ್ಯವಹಾರ, ಮೊದಲಿಂದ ಕಡೆಯವರೆಗೆ ಒಂದೇ ದಾರಿಯಲ್ಲಿ ಹೋಗಬೇಕು. ಬೇರೆ ಮಾತುಕತೆ ಬೇರೆ ದಾರಿ ಹಿಡಿಯಬಹುದು. ಹಲವು ತಂತಿಗಳನ್ನು ಒಂದು ಕಟ್ಟಾಗಿ ಬಳಸುವ ಈ ಪದ್ಧತಿಗೆ ೨೦೦೦ದಲ್ಲಿಯೇ ಅಂತರರಾಷ್ಟ್ರೀಯ ಕಟ್ಟಳೆಯಾಯಿತು. ಇದರ ಮೊದಲ ಫಲವನ್ನು ಗಮನಿಸಿರಿ: ಹತ್ತು ಅಳತೆಯ ಎರಡು ತಂತಿಗಳಿದ್ದರೆ ಕೂಡಿ ಇಪ್ಪತ್ತು ನಿಜ, ಆದರೆ ಯಾವ ಒಂದು ಮಾತುಕತೆಗೂ ಹತ್ತಕ್ಕಿಂತ ಹೆಚ್ಚು ದೊರೆಯುವುದಿಲ್ಲ. ಕಿಟಕಿಯ ಆಚೆಯ ತರುಣ "ಲೈನ್ ಎರಡೆರಡು ಅವ" ಎಂದಾಗ ಅವನ ಮನಸ್ಸಿನಲ್ಲಿದ್ದುದು ಇಪ್ಪತ್ತು.

ಇನ್ನು, ಯಾವ ಮಾತುಕತೆಗೆ ಯಾವ ದಾರಿ? ಅದನ್ನು ಒಂದು ಸಣ್ಣ ಗಣಿತದಿಂದ ನಿರ್ಣಯಿಸುತ್ತಾರೆ. ಪ್ರತಿಯೊಂದು ಯಂತ್ರದ ಕಿಂಡಿಗೂ ಕಾರ್ಖಾನೆಯಲ್ಲಿಯೇ ಕೊಟ್ಟ ಒಂದು ಸಂಖ್ಯೆಯಿರುತ್ತದೆ. ಕಳುಹಿಸುವವನ ಸಂಖ್ಯೆಯನ್ನೂ ಕೊಳ್ಳುವವನ ಸಂಖ್ಯೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿರಿ. ಶೇಷ ಸೊನ್ನೆ ಬಂದರೆ ಮೊದಲನೆಯ ತಂತಿ, ಒಂದು ಬಂದರೆ ಎರಡನೆಯದು. ಯಂತ್ರ ಮಾಡುವ ಲೆಕ್ಕದ ರೀತಿ ಸ್ವಲ್ಪ ಬೇರೆ, ಎರಡೇ ದಾರಿಯಿದ್ದಾಗ ಫಲ ಇದೇ. ಶಾಲೆಯ ಪ್ರವಾಸಕ್ಕೆ ಎರಡು ಬಸ್ಸು ತಂದು, ಹಾಜರಿ ಸಂಖ್ಯೆ ಸರಿಯಾದವರು ಇದರಲ್ಲಿ, ಬೆಸವಾದವರು ಅದರಲ್ಲಿ ಎಂದ ಹಾಗೆ. ಸಾಧಾರಣವಾಗಿ ಅರ್ಧಕ್ಕರ್ಧ ಆಗಲೇಬೇಕಷ್ಟೆ?

ನನ್ನ ಶಿಷ್ಯನ ಉಗ್ರಾಣದಲ್ಲಿ ಆಗಲಿಲ್ಲ. ತಿಂಗಳುಗಟ್ಟಲೆ ಒಂದು ತಂತಿ ಉಸಿರುಗಟ್ಟುವಷ್ಟು ತುಂಬಿ, ಇನ್ನೊಂದು ಬರಿದಾಗಿಯೇ ಇದ್ದಿತು. ಹೊಸ ಯಂತ್ರ ತಂದರು; ಅದೂ ತುಂಬಿದ ದಾರಿಗೇ ಹೋಗಿ ಸೇರಿತು. ಕಡೆಗೆ ಇವನು ಒಂದು ರಾತ್ರಿ ಕಿಂಡಿಗಳ ಸಂಖ್ಯೆಗಳನ್ನೆಲ್ಲ ಕಾಗದದ ಮೇಲೆ ಬರೆದು ನೋಡಿದನಂತೆ. ಒಂದೊಂದು ಕಾರ್ಡಿಗೂ ಎರಡೆರಡು ಕಿಂಡಿ. ಕಾರ್ಖಾನೆಯವರು ಅವುಗಳಿಗೆ ಸಾಲಾಗಿ ಸಂಖ್ಯೆ ಹಚ್ಚಿದ್ದರು: ಮೊದಲನೆಯದು ಸರಿ, ಎರಡನೆಯದು ಬೆಸ. ಎರಡನ್ನೂ ಕಟ್ಟಿ ಒಂದು ಜೋಡಿಯಾಗಿ ಮಾಡಿದಾಗ ಮೊದಲನೆಯದರ ಸಂಖ್ಯೆಯೇ ಇಡೀ ಜೋಡಿಯ ಹೆಸರಾಯಿತು. ಹೀಗಾಗಿ ಉಗ್ರಾಣದ ಎಲ್ಲ ಯಂತ್ರಗಳ ಸಂಖ್ಯೆಯೂ ಸರಿ. ಸರಿಗೆ ಸರಿ ಕೂಡಿದರೆ ಸರಿಯೇ. ಶೇಷ ಯಾವಾಗಲೂ ಸೊನ್ನೆ. ಎರಡನೆಯ ಬಸ್ಸಿನಲ್ಲಿ ಚಾಲಕನೊಬ್ಬನೇ ಕುಳಿತಿದ್ದನು. ಯಾರ ಅಪರಾಧವೂ ಇಲ್ಲ, ಯಾವ ಯಂತ್ರವೂ ಕೆಟ್ಟಿಲ್ಲ, ನಿಯಮ ನಿಯಮದಂತೆಯೇ ನಡೆದಿದೆ. ಈ ಕಥೆ ಕೇಳಿ ನಾನು ಬಹಳ ಹೊತ್ತು ನಕ್ಕೆನು; ಆಮೇಲೆ ಆ ಬೆಂಚು ನೆನಪಾಗಿ ನಗು ನಿಂತಿತು.

ಪರಿಹಾರ ಕಷ್ಟವಲ್ಲ. ಮನೆಯ ಸಂಖ್ಯೆಯ ಜೊತೆಗೆ ಬಾಗಿಲ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದೊಂದು ಯಂತ್ರಕ್ಕೂ ಅರವತ್ತೈದು ಸಾವಿರಕ್ಕೆ ಮಿಕ್ಕಿ ಇಂಥ ಬಾಗಿಲ ಸಂಖ್ಯೆಗಳಿದ್ದು, ಮಾತುಕತೆ ಮಾತುಕತೆಗೂ ಬೇರೆ ಬಾಗಿಲು ಸಿಕ್ಕುವುದರಿಂದ, ಶೇಷ ಒಮ್ಮೆ ಸೊನ್ನೆಯೂ ಒಮ್ಮೆ ಒಂದೂ ಬರುತ್ತದೆ. ಇಲ್ಲಿ ಒಂದು ಹೊಂಚು ಇದೆ: ಹೋಗುವ ದಾರಿಯನ್ನು ಯಂತ್ರ ಆರಿಸುತ್ತದೆ, ಬರುವ ದಾರಿಯನ್ನು ಸ್ವಿಚ್ಚು ಆರಿಸುತ್ತದೆ. ಯಂತ್ರದ ಕಡೆ ಲೆಕ್ಕ ತಿದ್ದಿ ಸ್ವಿಚ್ಚಿನ ಕಡೆ ಮರೆತರೆ ಅರ್ಧ ರೋಗ ಹಾಗೆಯೇ ಉಳಿಯುತ್ತದೆ. ಇವನೂ ಮೊದಲ ಸಲ ಮರೆತನಂತೆ. ಇನ್ನೊಂದು: ಈ ಗಣಿತ ತಲೆ ಎಣಿಸುತ್ತದೆಯೇ ಹೊರತು ಭಾರ ತೂಗುವುದಿಲ್ಲ. ಕಬ್ಬಿನ ಲಾರಿಯೂ ಒಂದೇ, ಸೈಕಲ್ಲೂ ಒಂದೇ. ನಾಲ್ಕು ಲಾರಿಗಳು ಅಕಸ್ಮಾತ್ತಾಗಿ ಒಂದೇ ದಾರಿಗೆ ಬಿದ್ದ ದಿನ ತಕ್ಕಡಿ ಮತ್ತೆ ವಾಲುತ್ತದೆ. ಮಾತುಕತೆಗಳು ಹೆಚ್ಚಾದಷ್ಟೂ ಸಮತೂಕ ಹೆಚ್ಚು.

ಅಂತೂ ಎರಡು ತಂತಿಗಳೂ ಸಮನಾಗಿ ತುಂಬತೊಡಗಿದುವು. ಎಲ್ಲರೂ ಇವನ ಬೆನ್ನು ತಟ್ಟಿದರು. ವ್ಯಾಪಾರ ಬೆಳೆಯಿತು, ಎರಡೂ ದಾರಿಗಳು ನೂರಕ್ಕೆ ಎಪ್ಪತ್ತರಷ್ಟು ತುಂಬಿ ಓಡುತ್ತಿದ್ದುವು. "ಅವತ್ತು ನಾನು ಭಾಳ ಖುಷಿಯಾಗಿದ್ದೆರಿ ಸರ್" ಎಂದನು. ಹಾಗೆಂದಾಗ ಅವನ ಮುಖದಲ್ಲಿ ಖುಷಿಯಿರಲಿಲ್ಲ.

ಒಂದು ರಾತ್ರಿ ಎರಡು ತಂತಿಗಳಲ್ಲಿ ಒಂದು ಸತ್ತಿತು. ಇಂಥ ದಿನಕ್ಕಾಗಿಯೇ ಅಲ್ಲವೇ ಎರಡಿದ್ದುದು? ಆದರೆ ಲೆಕ್ಕ ಹಾಕಿರಿ: ಎಪ್ಪತ್ತು ಮತ್ತು ಎಪ್ಪತ್ತು, ನೂರನಾಲ್ವತ್ತು. ಉಳಿದ ದಾರಿ ಹಿಡಿಯುವುದು ನೂರು. ನಲವತ್ತು ಹೊರಗೆ ನಿಂತಿತು. ನಿಂತದ್ದು ಸುಮ್ಮನೆ ನಿಲ್ಲಲಿಲ್ಲ. ಮತ್ತೆ ಮತ್ತೆ ಕೇಳಿ ಸಂದಣಿಯನ್ನು ಇನ್ನೂ ಹೆಚ್ಚಿಸಿತು. ಅದಕ್ಕಿಂತ ಕೆಡುಕು ಇನ್ನೊಂದಿತ್ತು. ಉಗ್ರಾಣದ ಯಂತ್ರಗಳು ಒಂದಕ್ಕೊಂದು ಆಗಾಗ "ಇದ್ದೇನೆ" ಎಂದು ಕೂಗಿ ಹೇಳುತ್ತಿರುತ್ತವೆ. ಸೆಫ್ ಎಂಬ ಹೆಸರುವಾಸಿ ವ್ಯವಸ್ಥೆಯಲ್ಲಿ, ಬೇರೆ ಅಪ್ಪಣೆಯಿಲ್ಲದಿದ್ದರೆ, ಆರು ಸೆಕೆಂಡಿಗೊಮ್ಮೆ ಈ ಕೂಗು. ಇಪ್ಪತ್ತು ಸೆಕೆಂಡು ಕೂಗು ಕೇಳದಿದ್ದರೆ ನೆರೆಯವರು ಅದನ್ನು ಬಿದ್ದಿತೆಂದು ವರದಿ ಮಾಡುತ್ತಾರೆ. ಹತ್ತು ನಿಮಿಷ ಏಳದಿದ್ದರೆ ಅದರಲ್ಲಿಯ ಪ್ರತಿಗಳನ್ನು ಬೇರೆಡೆ ಬರೆಯತೊಡಗುತ್ತಾರೆ. ಈಗ ಆ "ಇದ್ದೇನೆ" ಎಂಬ ಕೂಗೂ ಅದೇ ಇಕ್ಕಟ್ಟಿನ ಓಣಿಯಲ್ಲಿಯೇ ಬರಬೇಕಲ್ಲ! ಬದುಕಿದ್ದ ಯಂತ್ರಗಳು ಸತ್ತವೆಂದು ಸುದ್ದಿಯಾಯಿತು. ಬದುಕಿರುವಾಗಲೇ ದಿನಕರ್ಮದ ಸಿದ್ಧತೆ ನಡೆಯಿತು. ಪ್ರತಿಗಳನ್ನು ಹೊಸದಾಗಿ ಹಂಚುವ ಸರಕೆಲ್ಲ ಆ ಒಂದೇ ತಂತಿಯ ಮೇಲೆ ಬಿದ್ದಿತು. ಬೆಳಗಾಗುವವರೆಗೆ ಯಾವ ಕಚೇರಿಗೂ ಯಾವ ಕಾಗದವೂ ಸಿಕ್ಕಲಿಲ್ಲ. ಕಾಗದಗಳು ನಾಶವಾಗಲಿಲ್ಲ, ಮೂರೂ ಪ್ರತಿಗಳು ಸುರಕ್ಷಿತವಾಗಿದ್ದುವು. ತಲುಪುವ ದಾರಿ ಇರಲಿಲ್ಲ, ಅಷ್ಟೆ.

ಎಂದರೆ, ಎರಡನೆಯ ದಾರಿ ಕಷ್ಟಕಾಲಕ್ಕೆ ಆಗಬೇಕಾದರೆ ಎರಡೂ ಸೇರಿ ಒಂದರ ಅಳತೆಯನ್ನು ಮೀರಬಾರದು. ಒಂದೊಂದೂ ಅರ್ಧಕ್ಕಿಂತ ಕಡಿಮೆಯೇ ತುಂಬಿರಬೇಕು. ಮೊದಲು ಒಂದು ತಂತಿ ಪೂರ್ತಿ ಬರಿದಾಗಿದ್ದಾಗ ಎಲ್ಲರ ಕಣ್ಣಿಗೂ ಅದು ವ್ಯರ್ಥವಾಗಿ ಕಾಣುತ್ತಿತ್ತು. ಸಮನಾಗಿ ಹಂಚಿದ ಮೇಲೆ ಆ ಬರಿದು ಎರಡು ತಂತಿಗಳಲ್ಲಿ ಅಡಗಿ ಕಾಣದಾಯಿತು. ಕಾಣದ್ದನ್ನು ವ್ಯಾಪಾರ ನುಂಗಿತು. ಹಂಚಿಕೆಯ ಚೆಲುವಿಗೆ ಮರುಳಾಗಿ ಕಾಪಿಟ್ಟ ಗಂಟನ್ನು ಕಳೆದುಕೊಂಡ ಹಾಗಾಯಿತು. ನನಗೆ ಕೇಳಿದರೆ, ತಪಾಸಣೆಯವರು ಅರ್ಧ ಬರಿದಾದ ತಂತಿಯನ್ನು ನೋಡಿ ಮೂಗು ಮುರಿಯುವುದು ತಪ್ಪು. ಹಣ ಕೊಟ್ಟು ಕೊಂಡದ್ದೇ ಆ ಬರಿದನ್ನು.

ಇನ್ನೊಂದು ಮಾತು ಔರಾದಿನವರಿಗೆ ಬೇಗ ಹೊಳೆಯುತ್ತದೆ. ಬೀದರಿನಿಂದ ಭಾಲ್ಕಿಗೆ ರಸ್ತೆಯೂ ಉಂಟು, ರೈಲೂ ಉಂಟು. ಔರಾದಿಗೆ ರೈಲಿಲ್ಲ, ರಸ್ತೆ ಮಾತ್ರ ಎರಡು ಎನ್ನಬಹುದು: ಬೀದರಿನಿಂದ ನೆಟ್ಟಗೆ ಒಂದು, ಭಾಲ್ಕಿಯ ಮೇಲೆ ಸುತ್ತಿ ಬರುವುದು ಇನ್ನೊಂದು. ನಕ್ಷೆಯಲ್ಲಿ ಎರಡು. ಆದರೆ ಔರಾದು ಮಾಂಜ್ರಾ ನದಿಯ ಆಚೆ, ಬೀದರ ಭಾಲ್ಕಿಗಳು ಈಚೆ. ಯಾವ ರಸ್ತೆ ಹಿಡಿದರೂ ಮಾಂಜ್ರಾ ದಾಟದೆ ಗತಿಯಿಲ್ಲ. ಹೊಳೆ ಉಕ್ಕಿ ಬಂದರೆ ಎರಡು ರಸ್ತೆಗೂ ಒಂದೇ ಹಣೆಬರಹ. ಉಗ್ರಾಣಗಳಲ್ಲಿಯೂ ಎರಡು ತಂತಿಗಳನ್ನು ಒಂದೇ ಸ್ವಿಚ್ಚಿಗೆ ಸಿಕ್ಕಿಸಿದರೆ, ಸ್ವಿಚ್ಚು ಸುಟ್ಟ ದಿನ ಎರಡೂ ಇಲ್ಲ. ಸ್ವಿಚ್ಚುಗಳು ಎರಡಾಗಿದ್ದು ಎರಡಕ್ಕೂ ಕರೆಂಟು ಒಂದೇ ಕಡೆಯಿಂದ ಬಂದರೂ ಅಷ್ಟೇ. ಊರ ಹೊರಗೆ ಎರಡು ಗಾಜಿನ ತಂತಿಗಳನ್ನು ಒಂದೇ ಕಾಲುವೆಯಲ್ಲಿ ಹೂಳಿದ್ದರೆ, ರಸ್ತೆ ಅಗಲ ಮಾಡಲು ಬಂದ ಜೇಸಿಬಿಗೆ ಎರಡನ್ನೂ ಕಡಿಯಲು ಒಂದೇ ಬಾಚು ಸಾಕು. ದಾರಿಗಳನ್ನು ಎಣಿಸುವ ಮೊದಲು ನಡುವೆ ಹೊಳೆಯೆಷ್ಟು ಎಂದು ಎಣಿಸಬೇಕು.

ಆ ರಾತ್ರಿಯಾದ ಮೇಲೆ ನನ್ನ ಶಿಷ್ಯ ಮೇಲಿನವರ ಅಪ್ಪಣೆ ಪಡೆದು ಒಂದು ಹೊಸ ಪದ್ಧತಿ ಹಾಕಿದನು. ಮೂರು ತಿಂಗಳಿಗೊಮ್ಮೆ, ರಾತ್ರಿಯಲ್ಲ, ಹಾಡುಹಗಲು ಕಚೇರಿಗಳೆಲ್ಲ ತುಂಬಿರುವ ಹೊತ್ತಿನಲ್ಲಿ, ಎಲ್ಲರಿಗೂ ಮುಂದಾಗಿ ತಿಳಿಸಿ, ಒಂದು ತಂತಿಯನ್ನು ತನ್ನ ಕೈಯಿಂದಲೇ ಕಿತ್ತು ಹಿಡಿದುಕೊಂಡು ನಿಲ್ಲುವುದು. ಯಾರಿಗೂ ಗೊತ್ತಾಗದಿದ್ದರೆ ಎರಡು ದಾರಿ ಇದೆಯೆಂದು ಅರ್ಥ. ಮೊದಲ ಸಲ ಕಿತ್ತಾಗ ಎರಡು ನಿಮಿಷದಲ್ಲಿ ಫೋನುಗಳು ಬಾರಿಸತೊಡಗಿದುವಂತೆ. ತಿರುಗಿ ಸಿಕ್ಕಿಸಿ, ಬೇರೆ ಸ್ವಿಚ್ಚಿಗೆ ಹೋಗುವ ಮೂರನೆಯ ತಂತಿಗೆ ಮಂಜೂರಾತಿ ಕೇಳಿದನು. ಬರೆದ ವರದಿಯಿಂದ ಆಗದ ಕೆಲಸ ಆ ಎರಡು ನಿಮಿಷದಿಂದ ಆಯಿತು. "ಕೈ ನಡುಗಲಿಲ್ಲವೇನೋ?" ಎಂದು ಕೇಳಿದೆ. "ನಡುಗಿತ್ರಿ ಸರ್. ಕಾಯಂ ನಡುಗ್ತದ" ಎಂದನು.

ನಮ್ಮ ಹುಡುಗಿಗೆ ಪ್ರಮಾಣಪತ್ರ ಮರುದಿನ ಹತ್ತೂವರೆಗೆ ಸಿಕ್ಕಿತು. ಹಾಸ್ಟೆಲಿನ ಮೊದಲ ಪಟ್ಟಿ ಅಷ್ಟರಲ್ಲಿ ಮುಚ್ಚಿತ್ತು. ಎರಡನೆಯ ಪಟ್ಟಿಯಲ್ಲಿ ಹೆಸರು ಬರುವವರೆಗೆ ಮೂರು ವಾರ ತಾಂಡಾದಿಂದ ಬೀದರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬಂದಳು. ಬೆಳಿಗ್ಗೆ ಆರಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಮನೆ. ಅದರಲ್ಲಿ ಎರಡು ದಿನ ಮಳೆಯ ದೆಸೆಯಿಂದ ಬಸ್ಸು ಬರಲಿಲ್ಲ. ಆ ಎರಡು ದಿನಗಳ ಪಾಠವನ್ನು ಗೆಳತಿಯ ಪುಸ್ತಕದಿಂದ ನೋಡಿ ಬರೆದುಕೊಂಡೆನೆಂದು ಮೊನ್ನೆ ಕಾಗದ ಬರೆದಿದ್ದಾಳೆ. ಕಾಗುಣಿತದ ತಪ್ಪು ಎರಡೇ ಇದ್ದುವು.